ಸೀರೆಗೆ ಮುದ್ರೆ, ಎಣ್ಣೆಗೆ ಲೈಸೆನ್ಸು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ನಮ್ಮನ್ನು ಎಚ್ಚರಿಸಿದರು. ಆದರೆ ಹಾಲು ಯಾವುದು, ಸುಣ್ಣದ ನೀರು ಯಾವುದು ಎಂದು ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಗಾದೆ ನಮಗೇ ಬಿಟ್ಟಿತು. ಹಳ್ಳಿಯಲ್ಲಿ ಇದಕ್ಕೆ ಉತ್ತರ ಕಷ್ಟವಾಗಿರಲಿಲ್ಲ. ಗಾಣ ಕಣ್ಣೆದುರಿಗೇ ತಿರುಗುತ್ತಿತ್ತು. ನೇಕಾರನ ಮನೆ ಎರಡು ಬೀದಿಯ ಆಚೆಗಿತ್ತು. ಅಕ್ಕಸಾಲಿಗನ ತಂದೆಯನ್ನೂ ತಾತನನ್ನೂ ಬಲ್ಲವರು ಜಗುಲಿಯ ಮೇಲೆ ಕುಳಿತಿರುತ್ತಿದ್ದರು. ಮೋಸ ಇರಲಿಲ್ಲವೆಂದಲ್ಲ, ಮೋಸ ಮಾಡಿದವನು ಮರುದಿನ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾಗಿತ್ತು, ಅಷ್ಟೆ.

ನಗರದವರಾದ ನಮ್ಮ ಸ್ಥಿತಿ ಬೇರೆ. ಮಗಳ ಮದುವೆಗೆ ಸೀರೆ ಕೊಳ್ಳಲು ಬೆಂಗಳೂರಿನ ಅಂಗಡಿಯ ಮೆಟ್ಟಿಲೇರುತ್ತೇವೆ. ಅಂಗಡಿಯವನು ಒಂದರ ಮೇಲೊಂದು ಸೀರೆ ಬಿಚ್ಚಿ ಹರಡುತ್ತಾನೆ. ಅದು ರೇಷ್ಮೆಯೇ, ಸರಿಗೆ ಬೆಳ್ಳಿಯದೇ, ಕೈಮಗ್ಗದ ನೇಯ್ಗೆಯೇ ಎಂದು ತಿಳಿಯುವ ಕಣ್ಣು ನಮಗಿಲ್ಲ. ಅಜ್ಜಿಯಾಗಿದ್ದರೆ ಅಂಚಿನಿಂದ ಎಳೆಯೊಂದನ್ನು ಕಿತ್ತು ದೀಪಕ್ಕೆ ಹಿಡಿದು, ಕೂದಲು ಸುಟ್ಟ ವಾಸನೆ ಬಂದರೆ ಸರಿ ಎನ್ನುತ್ತಿದ್ದಳು. ನಾವು ಅಂಚಿಗೆ ಹೊಲಿದ ಚೀಟಿಯನ್ನು ನೋಡುತ್ತೇವೆ. ಎಣ್ಣೆಯ ಡಬ್ಬಿಯಲ್ಲಿ ಲೈಸೆನ್ಸಿನ ನಂಬರನ್ನು, ಬಳೆಯಲ್ಲಿ ಹಾಲ್‌ಮಾರ್ಕನ್ನು, ವೈದ್ಯರ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರವನ್ನು ನೋಡಿ ಸಮಾಧಾನ ತಂದುಕೊಳ್ಳುತ್ತೇವೆ. ಮಾಡುವವನೂ ಕೊಳ್ಳುವವನೂ ಒಬ್ಬರಿಗೊಬ್ಬರು ಕಾಣದಾದ ಕಾಲಕ್ಕೆ ಮುದ್ರೆ ಹುಟ್ಟಿತು. ಅದು ಅವರಿಬ್ಬರ ನಡುವೆ ನಿಂತು ಸಾಕ್ಷಿ ಹೇಳಬೇಕಾದದ್ದು. ಹಾಗೆ ನಡುವೆ ನಿಂತವನು ಸಾಕ್ಷಿಯಾಗಿಯೇ ಉಳಿದನೆ, ಇಲ್ಲವೆ ಬಾಗಿಲು ಕಾಯುವ ಯಜಮಾನನಾದನೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳು ಸಾಕು.

ಚಳ್ಳಕೆರೆ, ಮೊಳಕಾಲ್ಮೂರುಗಳದು ಮಳೆ ಕಡಿಮೆಯಾದ ಸೀಮೆ. ಬಂಡೆ, ಕುರುಚಲು, ಕೆಂಪು ನೆಲ, ಬೇಸಗೆಯಲ್ಲಿ ಕಣ್ಣಿಗೆ ಹೊಡೆಯುವ ಬಿಸಿಲು. ಚಳ್ಳಕೆರೆ ಕಡಲೆಕಾಯಿಯ ಮಾರುಕಟ್ಟೆಯಿಂದಲೂ ಎಣ್ಣೆ ಗಿರಣಿಗಳಿಂದಲೂ ಹೆಸರಾಗಿ ಎಣ್ಣೆಯ ನಗರವೆನಿಸಿಕೊಂಡಿತು. ಮೊಳಕಾಲ್ಮೂರಿಗೆ ಹೆಸರು ತಂದುಕೊಟ್ಟದ್ದು ರೇಷ್ಮೆ ಸೀರೆ. ಒಂದು ಊರಿನ ಸರಕು ನಮ್ಮ ಒಲೆಯ ಮೇಲೆ, ಇನ್ನೊಂದರದು ನಮ್ಮ ಪೆಟ್ಟಿಗೆಯ ತಳದಲ್ಲಿ. ಒಂದು ತಿಂಗಳಿಗೊಮ್ಮೆ ಮುಗಿಯುವುದು, ಇನ್ನೊಂದು ತಾಯಿಯಿಂದ ಮಗಳಿಗೆ ಹೋಗುವುದು. ಎರಡಕ್ಕೂ ಇಂದು ಸರ್ಕಾರದ ಮುದ್ರೆಗಳಿವೆ. ಆ ಮುದ್ರೆಗಳು ಮಾಡುವ ಕೆಲಸ ಮಾತ್ರ ಒಂದೇ ಅಲ್ಲ.

ಕಸುಬುದಾರನ ಗುರುತಿನ ಕಥೆಯನ್ನು ಹೇಳಲು ಹೊರಟರೆ ಮೊಳಕಾಲ್ಮೂರು ತಾಲ್ಲೂಕಿನಿಂದಲೇ ಆರಂಭಿಸಬೇಕಾಗುವುದು ಒಂದು ಸುಯೋಗ. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಕ್ರಿ. ಪೂ. ಮೂರನೆಯ ಶತಮಾನದ ಈ ಶಾಸನಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಅಪ್ಪಣೆ ಅದು. ಅಪ್ಪಣೆಯೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಣ್ಣ ಸಾಲು: ಬರೆದವನು ಚಪಡನೆಂಬ ಲಿಪಿಕಾರ. 'ಲಿಪಿಕಾರ' ಎಂಬರ್ಥದ ಆ ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ. ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ಈ ಸೀಮೆಯಲ್ಲಿ ಆ ಲಿಪಿಯನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಓದುಗರಿಗಾಗಿ ಬರೆದದ್ದಲ್ಲ ಅದು. ತಾನು ಎರಡು ಲಿಪಿ ಬಲ್ಲ ಕುಶಲಿ ಎಂದು, ಚಕ್ರವರ್ತಿಯ ಹೆಸರಿನ ಕೆಳಗೆ ಕೂಲಿಯವನೊಬ್ಬ ಇಟ್ಟ ಸಹಿ. ಕನ್ನಡ ನೆಲದಲ್ಲಿ ನಮಗೆ ಹೆಸರು ತಿಳಿದಿರುವ ಅತಿ ಹಳೆಯ ಕಸುಬುದಾರರಲ್ಲಿ ಚಪಡ ಒಬ್ಬ. ಅವನಿಗೆ ಯಾವ ಲೈಸೆನ್ಸೂ ಇದ್ದಂತಿಲ್ಲ; ಹೆಸರಿತ್ತು.

ಅದೇ ಬ್ರಹ್ಮಗಿರಿಯ ಶಾಸನದಲ್ಲಿ ಇನ್ನೊಂದು ಮಾತಿದೆ. ಅಂತೇವಾಸಿಯಾದವನು, ಎಂದರೆ ಗುರುವಿನ ಬಳಿಯಲ್ಲೇ ಇದ್ದು ಕಲಿಯುವವನು, ಆಚಾರ್ಯನನ್ನು ಗೌರವಿಸಬೇಕು. ಇದು ಹಿಂದಿನಿಂದ ಬಂದ ನಡವಳಿಕೆ ಎಂಬ ಅರ್ಥದ ಮಾತು. ಅಶೋಕನ ಕಾಲಕ್ಕೇ ಅದು 'ಹಿಂದಿನಿಂದ ಬಂದದ್ದು' ಎಂಬುದನ್ನು ಗಮನಿಸಬೇಕು. ಈ ಅಂತೇವಾಸಿ ಮತ್ತೆ ನಮಗೆ ಸಿಕ್ಕುವುದು ಸಾವಿರ ವರ್ಷಕ್ಕೂ ಮೇಲೆ, ಕಲ್ಯಾಣದಲ್ಲಿ. ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಶಿಲ್ಪ ಕಲಿಯಲು ಬಂದ ಅಂತೇವಾಸಿಯ ಕರಾರು ಬರುತ್ತದೆ. ಗೊತ್ತುಪಡಿಸಿದ ಕಾಲ ಮುಗಿಯುವವರೆಗೆ ಅವನು ಗುರುವಿನ ಮನೆಯಲ್ಲಿ ಇರಬೇಕು. ಗುರು ಅವನಿಗೆ ಊಟ ಹಾಕಬೇಕು. ಅವನು ದುಡಿದ ಫಲ ಗುರುವಿಗೆ. ಕಸುಬನ್ನು ಬೇಗ ಕಲಿತುಬಿಟ್ಟರೂ ಒಪ್ಪಿದ ಕಾಲ ಪೂರೈಸದೆ ಹೊರಡುವ ಹಾಗಿಲ್ಲ!

ಈ ಕೊನೆಯ ನಿಯಮದ ಮುಂದೆ ಓದುಗರು ಒಂದು ಕ್ಷಣ ನಿಲ್ಲಬೇಕು. ಊಟ ಹಾಕಿ ಕಲಿಸಿದವನ ಶ್ರಮಕ್ಕೆ ಪ್ರತಿಫಲ ಸಿಕ್ಕಬೇಕೆಂಬ ನ್ಯಾಯ ಅದರಲ್ಲಿದೆ. ಕಲಿತವನ ಕೈಯನ್ನು ಕಲಿತ ಮೇಲೂ ಕಟ್ಟಿಹಾಕುವ ಅನ್ಯಾಯವೂ ಅದರಲ್ಲೇ ಇದೆ. ಪ್ರಮಾಣಪತ್ರಗಳ ಇಡೀ ಚರಿತ್ರೆಯಲ್ಲಿ ಈ ಎರಡು ಎಳೆಗಳೂ ಹೆಣೆದುಕೊಂಡೇ ಬಂದಿವೆ.

ಗುರುವಿನ ಮಾತಿನಿಂದ ಮುಂದಿನ ಹೆಜ್ಜೆ ಸಮೂಹದ ಮಾತು. ನಮ್ಮ ದೇಶದಲ್ಲಿ ಅದಕ್ಕೆ ಶ್ರೇಣಿ ಎಂದು ಹೆಸರು. ಮಧ್ಯಪ್ರದೇಶದ ಮಂದಸೋರ್‌ನಲ್ಲಿ ಸಿಕ್ಕಿದ, ವತ್ಸಭಟ್ಟಿ ರಚಿಸಿದ ಶಾಸನವೊಂದು ರೇಷ್ಮೆ ನೇಕಾರರ ಶ್ರೇಣಿಯ ಕಥೆ ಹೇಳುತ್ತದೆ. ಗುಜರಾತಿನ ಲಾಟದೇಶದಿಂದ ವಲಸೆ ಬಂದ ಅವರು ಕ್ರಿ. ಶ. ೪೩೭ರ ಸುಮಾರಿಗೆ ಸೂರ್ಯನಿಗೊಂದು ಗುಡಿ ಕಟ್ಟಿಸಿದರು. ೪೭೩ರ ಸುಮಾರಿಗೆ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಹೆಣ್ಣಿಗೆ ರೂಪ, ಯೌವನಗಳೆಲ್ಲ ಇದ್ದರೂ ರೇಷ್ಮೆಯ ಉಡುಗೆಯಿಲ್ಲದೆ ಸೊಬಗು ಪೂರ್ಣವಾಗದೆಂದು ಅದರಲ್ಲಿ ಹೇಳಿಸಿದ್ದಾರೆ. ಗುಡಿಯ ಶಾಸನದಲ್ಲೇ ಸರಕಿನ ಜಾಹೀರಾತು! ಆ ಶ್ರೇಣಿಯವರಲ್ಲಿ ಕೆಲವರು ಬಿಲ್ವಿದ್ಯೆಗೆ ಹೋದರು, ಕೆಲವರು ಜ್ಯೋತಿಷಕ್ಕೆ ಹೋದರು ಎಂದೂ ಅದೇ ಶಾಸನ ತಿಳಿಸುತ್ತದೆ. ಕಸುಬು ಅವರಿಗೆ ಗೌರವ ಕೊಟ್ಟಿತ್ತು, ಸಂಕೋಲೆ ತೊಡಿಸಿರಲಿಲ್ಲ.

ಕನ್ನಡನಾಡಿನ ಶಿಲ್ಪಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಸೊಬಗನ್ನು ನೋಡಿ ಬರುವವರು ಅವರ ಕಾಲ ಬಳಿಯ ಅಕ್ಷರಗಳನ್ನು ಅಷ್ಟಾಗಿ ನೋಡುವುದಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಅಲ್ಲಿ ತಮ್ಮ ಹೆಸರನ್ನು ಬಿರುದುಗಳೊಡನೆ ಕೆತ್ತಿದ್ದಾರೆ. ಮಾಡಿದವನು ಯಾರು, ಯಾವ ಊರಿನವನು, ಯಾರ ಮಗ, ಯಾವ ಬಿರುದು ಗಳಿಸಿದವನು: ಇದಕ್ಕಿಂತ ಪೂರ್ಣವಾದ ಪ್ರಮಾಣಪತ್ರ ಬೇರೆ ಬೇಕೆ? ಈ ನಾಲ್ಕು ಮಾತುಗಳನ್ನು ನೆನಪಿಟ್ಟುಕೊಂಡಿರಿ. ಮೊಳಕಾಲ್ಮೂರಿನ ಸೀರೆಯ ಬಳಿಗೆ ಹೋದಾಗ ಬೇಕಾಗುತ್ತವೆ.

ಸಮೂಹದ ಮಾತಿಗೆ ಇನ್ನೊಂದು ಮುಖವಿತ್ತು. ಇಂಗ್ಲೆಂಡಿನಲ್ಲಿ ೧೫೬೩ರ ಕಾಯಿದೆಯೊಂದು ಏಳು ವರ್ಷ ಶಿಷ್ಯವೃತ್ತಿ ಮಾಡದವನು ಕಸುಬು ಹಿಡಿಯಬಾರದೆಂದು ಕಟ್ಟುಮಾಡಿತು. ಏಳು ವರ್ಷ ಏಕೆ? ಕಲಿಯಲು ಅಷ್ಟು ಕಾಲ ಬೇಕೆಂದಲ್ಲ, ಪೈಪೋಟಿಗೆ ಹೊಸಬರು ಬೇಗ ಬರಬಾರದೆಂದು ಎಂದು ಆಡಂ ಸ್ಮಿತ್ ೧೭೭೬ರಲ್ಲಿ ಆಕ್ಷೇಪಿಸಿದ. ಬಡವನ ಪಿತ್ರಾರ್ಜಿತವೆಲ್ಲ ಅವನ ಕೈಯ ಬಲದಲ್ಲಿ, ಕೈಯ ಚಳಕದಲ್ಲಿ ಇದೆ. ಅದನ್ನು ಬಳಸದಂತೆ ತಡೆಯುವುದು ಅವನ ಆಸ್ತಿಯನ್ನು ಕಿತ್ತುಕೊಂಡಂತೆ ಎಂಬುದು ಅವನ ವಾದ. ಅದೇ ವರ್ಷ ಫ್ರಾನ್ಸಿನ ಮಂತ್ರಿ ತುರ್ಗೊ ಕಸುಬುದಾರರ ಸಂಘಗಳನ್ನು ರದ್ದುಮಾಡಿದ. ಅವನು ಪದವಿಯಿಂದ ಇಳಿದ ಕೆಲವೇ ತಿಂಗಳಲ್ಲಿ ಅವು ಮರಳಿ ಬಂದವು. ಮಹಾಕ್ರಾಂತಿಯ ಕಾಲದಲ್ಲಿ, ೧೭೯೧ರಲ್ಲಿ, ಮತ್ತೆ ಅಳಿದವು. ನಮ್ಮಲ್ಲಿ ಈ ಕೆಲಸಕ್ಕೆ ಕಾಯಿದೆಯೇ ಬೇಕಾಗಿರಲಿಲ್ಲ. ಜಾತಿ ಅದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಯಾವ ಮನೆಯಲ್ಲಿ ಹುಟ್ಟಿದನೋ ಆ ಮನೆಯ ಕಸುಬೇ ಅವನ ಲೈಸೆನ್ಸು. ಬೇರೆ ಮನೆಯಲ್ಲಿ ಹುಟ್ಟಿದ್ದೇ ಅನರ್ಹತೆ. ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ನಿಟ್ಟುಸಿರು ಬಿಡುವವರು ಈ ಮಾತನ್ನು ಮರೆಯಬಾರದು.

ಈಗ ಚಳ್ಳಕೆರೆಗೆ ಬರೋಣ. ಕಡಲೆಕಾಯಿ ನಮ್ಮ ನೆಲದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಆದರೂ ಮಳೆ ಕಡಿಮೆಯಾದ ಈ ಕೆಂಪು ನೆಲಕ್ಕೆ ಅದು ಹೇಳಿ ಮಾಡಿಸಿದಂತೆ ಒಗ್ಗಿತು. ಬೆಳೆ ಬಂದ ಮೇಲೆ ರೈತನು ಗಾಡಿ ಕಟ್ಟಿಕೊಂಡು ಮಂಡಿಗೆ ಬರುವನು. ನಿಯಂತ್ರಣವಿಲ್ಲದ ಕಾಲದ ಮಂಡಿಗಳಲ್ಲಿ ದೇಶದ ಹಲವು ಕಡೆ ಏನು ನಡೆಯುತ್ತಿತ್ತೆಂಬುದನ್ನು ೧೯೨೮ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಷನ್ ವಿವರಿಸಿದೆ. ದಲ್ಲಾಳಿಯೂ ಕೊಳ್ಳುವವನೂ ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಕುದುರಿಸುವರು. ಸರಕಿನ ಒಡೆಯನಿಗೆ ಆ ಬೆರಳುಗಳ ಭಾಷೆ ಕಾಣದು. ತೂಗುವವನು ಕೊಳ್ಳುವವನ ಆಳು. ಒಂದೊಂದು ನೆಪ ಹೇಳಿ ಒಂದೊಂದು ಮುರಿತ. ಇದಕ್ಕೆ ಪರಿಹಾರ ನಿಯಂತ್ರಿತ ಮಾರುಕಟ್ಟೆ ಎಂದು ಆ ಕಮಿಷನ್ ಹೇಳಿತು. ಅದಕ್ಕೆ ಮಾದರಿ ೧೮೯೭ರಷ್ಟು ಹಿಂದೆಯೇ ಬೀರಾರಿನಲ್ಲಿ ಹತ್ತಿಯ ಪೇಟೆಗಾಗಿ ಮಾಡಿದ ಕಾನೂನು.

ಏಕೀಕೃತ ರಾಜ್ಯಕ್ಕೆಲ್ಲ ಅನ್ವಯಿಸುವಂತೆ ೧೯೬೬ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಯ ಅಧಿನಿಯಮ ಬಂತು. ವರ್ತಕನಿಗೆ, ದಲ್ಲಾಳಿಗೆ ಮಾತ್ರವಲ್ಲ, ತೂಕ ಮಾಡುವವನಿಗೂ ಮೂಟೆ ಹೊರುವ ಹಮಾಲಿಗೂ ಅದು ಲೈಸೆನ್ಸು ಬೇಕೆಂದಿತು. ತಕ್ಕಡಿ ಹಿಡಿಯಲು ಲೈಸೆನ್ಸೇ ಎಂದು ಪಟ್ಟಣದ ಓದುಗರು ನಗಬಹುದು. ಆದರೆ ವರ್ಷವಿಡೀ ದುಡಿದ ಬೆಳೆಯ ಬೆಲೆ ಆ ಮುಳ್ಳಿನ ಒಂದು ಎಳೆಯಷ್ಟು ವಾಲುವಿಕೆಯಲ್ಲಿ ಕರಗಿಹೋಗುವುದನ್ನು ಕಂಡವನು ನಗಲಾರ. ತೂಗುವವನು ಕೊಳ್ಳುವವನ ಆಳಾಗಿರದೆ ಸಮಿತಿಗೆ ಉತ್ತರ ಹೇಳಬೇಕಾದವನಾದ. ತಪ್ಪಿದರೆ ಲೈಸೆನ್ಸು ಕಳೆದುಕೊಳ್ಳುವವನಾದ. ಲೈಸೆನ್ಸಿನ ನಿಜವಾದ ಬೆಲೆ ಅದನ್ನು ಕೊಡುವುದರಲ್ಲಿಲ್ಲ, ತಪ್ಪಿದವನಿಂದ ಅದನ್ನು ಕಿತ್ತುಕೊಳ್ಳಬಹುದೆಂಬುದರಲ್ಲಿದೆ.

ಆದರೆ ಬೇಲಿ ಹಾಕಿದ ಮೇಲೆ ಬಾಗಿಲಿನ ಬೀಗದ ಕೈ ಯಾರ ಬಳಿಯಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೈಸೆನ್ಸು ಪಡೆದ ಕೆಲವೇ ವರ್ತಕರು ಪ್ರಾಂಗಣದಲ್ಲಿದ್ದು, ಅವರು ಒಳಗೊಳಗೇ ಒಂದಾದರೆ, ಹರಾಜು ಹೆಸರಿಗೆ ಹರಾಜು. ರೈತನನ್ನು ಕಾಯಲು ಕಟ್ಟಿದ ಬೇಲಿ ಆಗ ಅವನನ್ನೇ ಒಳಗೆ ಕೂಡಿಹಾಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆ ಕಾನೂನುಗಳ ವಿಷಯದಲ್ಲಿ ದೇಶದಲ್ಲೆಲ್ಲ ನಡೆದ ವಾದವಿವಾದದ ತಿರುಳು ಇದೇ: ಬೇಲಿ ಬೇಕೆಂಬವರೂ ಬೇಡವೆಂಬವರೂ ಇಬ್ಬರೂ ರೈತನ ಹೆಸರಿನಲ್ಲೇ ಮಾತನಾಡಿದರು.

ಕಾಯಿ ಎಣ್ಣೆಯಾದ ಮೇಲೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಎಣ್ಣೆಯಲ್ಲಿ ಇನ್ನೊಂದು ಎಣ್ಣೆ ಬೆರೆತರೆ ಕಣ್ಣು ಹಿಡಿಯಲಾರದು, ಮೂಗೂ ಹಲವು ವೇಳೆ ಸೋಲುತ್ತದೆ. ೧೯೩೭ರ ಕಾಯಿದೆಯಿಂದ ಬಂದ ಆಗ್‌ಮಾರ್ಕ್ ಇಷ್ಟಪಟ್ಟವರು ಪಡೆಯುವ ಗುಣಮುದ್ರೆಯಾಗಿತ್ತು. ೧೯೫೪ರ ಆಹಾರ ಕಲಬೆರಕೆ ತಡೆ ಕಾಯಿದೆ ಕಲಬೆರಕೆಯನ್ನು ಅಪರಾಧವೆಂದು ಸಾರಿತು. ಇವೆಲ್ಲ ಇದ್ದೂ ೧೯೯೮ರ ಆಗಸ್ಟ್ ತಿಂಗಳಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಕಾಡುಗಿಡದ ಬೀಜದ ಎಣ್ಣೆ ಬೆರೆತು, ಅದನ್ನು ತಿಂದವರ ಕಾಲು ಬಾತು, ಉಸಿರು ಕಟ್ಟಿ, ೬೦ಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳೇ ಕೇಂದ್ರ ಸರ್ಕಾರ ಖಾದ್ಯ ತೈಲವನ್ನು ಬಿಡಿಯಾಗಿ ಮಾರದೆ ಡಬ್ಬಿ, ಪೊಟ್ಟಣಗಳಲ್ಲಿ ತುಂಬಿ, ತುಂಬಿದವರ ನೋಂದಣಿಯೊಡನೆ ಮಾರಬೇಕೆಂದು ಆಜ್ಞೆ ಹೊರಡಿಸಿತು. ಈ ಆಜ್ಞೆಯನ್ನು ಹಳಿಯುವ ಧೈರ್ಯ ಯಾರಿಗಿದೆ? ಸತ್ತವರ ಮನೆಯವರ ಮುಂದೆ ನಿಂತು ವ್ಯಾಪಾರದ ಸ್ವಾತಂತ್ರ್ಯದ ಮಾತಾಡಲು ಬಾಯಿ ಬಾರದು.

ಆದರೂ ಆಜ್ಞೆಯ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ ಎಂಬುದೂ ಸತ್ಯ. ಪರೀಕ್ಷೆಯ ಕೊಠಡಿ, ತುಂಬುವ ಯಂತ್ರ, ಬರೆದಿಡುವ ಗುಮಾಸ್ತ, ಇವೆಲ್ಲ ದೊಡ್ಡ ಕಾರ್ಖಾನೆಗೆ ಲೆಕ್ಕದ ಒಂದು ಸಾಲು. ನಾಲ್ಕು ಊರಿಗೆ ಎಣ್ಣೆ ಕೊಡುವ ಸಣ್ಣ ಗಿರಣಿಯವನಿಗೆ ಅವೇ ಬಂಡವಾಳ. ಗಾಣದಿಂದ ಹಿಂಡಿ ಬಂದವರ ಎದುರಿಗೇ ಅಳೆದುಕೊಡುವವನಿಗೂ, ಎಲ್ಲಿಂದಲೋ ಟ್ಯಾಂಕರಿನಲ್ಲಿ ತಂದು ಬೆರೆಸುವವನಿಗೂ ಕಾಗದ ಒಂದೇ. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆ ಇದನ್ನು ಸ್ವಲ್ಪ ಮಟ್ಟಿಗೆ ಅರಿತು, ಸಣ್ಣವರಿಗೆ ಬರಿಯ ನೋಂದಣಿ, ದೊಡ್ಡವರಿಗೆ ಲೈಸೆನ್ಸು ಎಂದು ಎರಡು ಮೆಟ್ಟಿಲು ಮಾಡಿತು. ಇನ್ನೊಂದು ಕಡೆ, ಕಡಲೆಕಾಯಿ ಎಣ್ಣೆ ತೆಗೆಯುವುದನ್ನು ಬಹುಕಾಲ ಸಣ್ಣ ಕೈಗಾರಿಕೆಗೆ ಮೀಸಲಿಟ್ಟಿದ್ದ ಸರ್ಕಾರ, ೨೦೧೫ರಲ್ಲಿ ಮೀಸಲುಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ ೨೦ ಸರಕುಗಳೊಡನೆ ಅದನ್ನೂ ತೆಗೆದುಹಾಕಿತು. ಸಣ್ಣವನಿಗಿದ್ದ ಆಸರೆ ಹೋಯಿತು, ಅವನ ಮೇಲಿದ್ದ ಕಾಗದದ ಹೊರೆ ಮಾತ್ರ ಉಳಿಯಿತು.

ಚಳ್ಳಕೆರೆಯ ಸೀಮೆಯಲ್ಲಿ ಮುದ್ರೆಯೇ ಬೇಕಿಲ್ಲದ ಸರಕೂ ಇದೆ: ಕಂಬಳಿ. ಕುರುಬರು ಸಾಕಿದ ಕುರಿಯ ಉಣ್ಣೆಯನ್ನು ಮನೆಯ ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಾಕಿ, ನೆಯ್ದ ಕರಿಯ ಕಂಬಳಿ. ಸಂತೆಗೆ ಬಂದವನು ಅದನ್ನು ಹೆಗಲ ಮೇಲೆ ಹಾಕಿ ನೋಡುತ್ತಾನೆ, ಬೆರಳಲ್ಲಿ ಉಜ್ಜಿ ನೋಡುತ್ತಾನೆ, ನೀರು ನಿಲ್ಲುವುದೋ ಇಲ್ಲವೋ ಎಂದು ಕೇಳುತ್ತಾನೆ, ಕೊಟ್ಟವನ ಮುಖ ನೋಡಿ ದುಡ್ಡು ಕೊಡುತ್ತಾನೆ. ಕೊಳ್ಳುವವನ ಕೈಗೇ ಗುಣ ತಿಳಿಯುವಾಗ, ಕೆಟ್ಟರೆ ನಷ್ಟ ಹೆಚ್ಚಿಲ್ಲದಾಗ, ಮುದ್ರೆಯ ಅಗತ್ಯವಿಲ್ಲ. ಎಣ್ಣೆ ಈ ಅಳತೆಗೋಲಿನ ಒಂದು ತುದಿ, ಕಂಬಳಿ ಇನ್ನೊಂದು ತುದಿ. ಮೊಳಕಾಲ್ಮೂರಿನ ಸೀರೆ ಇವೆರಡರ ನಡುವೆ ಇದೆ.

ರೇಷ್ಮೆ ಸೀರೆ ತಪ್ಪಾದರೆ ಯಾರೂ ಸಾಯುವುದಿಲ್ಲ. ಮನಸ್ಸು ನೊಂದುಕೊಳ್ಳುತ್ತದೆ, ಸಾಲ ಮಾಡಿದ ಹಣ ನೀರುಪಾಲಾಗುತ್ತದೆ. ಮೊಳಕಾಲ್ಮೂರಿನ ಸೀರೆಗೆ ಅಗಲವಾದ ಅಂಚು, ಹಣ್ಣು, ಹೂವು, ಪ್ರಾಣಿಗಳ ಚಿತ್ತಾರ, ತುಂಬಿದ ಸೆರಗು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರಬೇಕಾದ ಇಂಥ ನೇಯ್ಗೆಯಲ್ಲಿ ಬೇರೆ ಬೇರೆ ಲಾಳಿಗಳು ಓಡಬೇಕು. ಎಳೆಗೆ ಎಳೆ ಕೂಡಬೇಕು. ನೇಕಾರ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೆಯ್ಯುವ ಮುನ್ನ ಹುರಿ ಹಾಕುವುದು, ಬಣ್ಣ, ಹಾಸು ಹೂಡುವುದು, ಕಂಡಿಕೆ ಸುತ್ತುವುದು ಎಂದು ಮನೆಮಂದಿಯ ಹತ್ತು ಕೈ ಅದರ ಮೇಲೆ ಓಡಿರುತ್ತವೆ. ಅಂಥ ಸೀರೆಯ ಚಿತ್ತಾರವನ್ನು ವಿದ್ಯುತ್ ಮಗ್ಗ ಕೆಲವೇ ಗಂಟೆಗಳಲ್ಲಿ ಅನುಕರಿಸಿ, ಅದೇ ಹೆಸರು ಹೇಳಿ ಮಾರಿದರೆ ನೇಕಾರನ ಗತಿಯೇನು?

ಇದಕ್ಕೆ ಸರ್ಕಾರ ಒಂದೊಂದಾಗಿ ತಡೆಗಳನ್ನು ಕಟ್ಟಿತು. ೧೯೮೫ರ ಕಾಯಿದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರೂ ೧೯೯೩ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ೨೦೦೪ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸಿಲ್ಕ್ ಮಾರ್ಕನ್ನು ತಂದಿತು. ೨೦೦೬ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂತು. ಇವುಗಳ ಜೊತೆಗೆ ಭೌಗೋಳಿಕ ಸೂಚಕ: ೧೯೯೯ರಲ್ಲಿ ಸಂಸತ್ತು ಮಾಡಿದ ಈ ಕಾಯಿದೆ ೨೦೦೩ರಲ್ಲಿ ಜಾರಿಗೆ ಬಂದು, ಮರುವರ್ಷ ಡಾರ್ಜಿಲಿಂಗ್ ಚಹಕ್ಕೆ ಮೊದಲ ನೋಂದಣಿ ಸಿಕ್ಕಿತು. ೨೦೦೫ರಲ್ಲಿ ಮೈಸೂರು ರೇಷ್ಮೆಗೆ, ೨೦೧೧ರಲ್ಲಿ ಮೊಳಕಾಲ್ಮೂರು ಸೀರೆಗೆ ಆ ಮನ್ನಣೆ ಬಂತು. ಬಂಡೆಗಳ ನಡುವಿನ ಸಣ್ಣ ಊರೊಂದರ ಹೆಸರನ್ನು ಇನ್ನಾರೂ ಕದಿಯಬಾರದೆಂದು ದೇಶದ ಕಾನೂನೇ ಹೇಳುವುದು ಸಣ್ಣ ಗೌರವವಲ್ಲ.

ಆದರೆ ಈ ಮುದ್ರೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ಕೊಳ್ಳುವವರು ಬಿಡಿಸಿ ನೋಡಬೇಕು. ಸಿಲ್ಕ್ ಮಾರ್ಕ್ ನೂಲು ರೇಷ್ಮೆ ಎನ್ನುತ್ತದೆ. ಎಲ್ಲಿ ನೆಯ್ದದ್ದು, ಕೈಯಿಂದಲೋ ಯಂತ್ರದಿಂದಲೋ ಎನ್ನುವುದಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗ ಎನ್ನುತ್ತದೆ. ಭೌಗೋಳಿಕ ಸೂಚಕ ಊರನ್ನೂ ಆ ಊರಿನ ರೀತಿಯನ್ನೂ ಹೇಳುತ್ತದೆ, ಆದರೆ ಎಲ್ಲ ಸೂಚಕವೂ ಕೈಮಗ್ಗದ್ದಲ್ಲ: ಮೈಸೂರು ರೇಷ್ಮೆಯ ಹಕ್ಕು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು, ೧೯೧೨ರಲ್ಲಿ ಆರಂಭವಾದ ಅದರ ಮೈಸೂರಿನ ಕಾರ್ಖಾನೆಯಲ್ಲಿ ನೆಯ್ಯುವುದು ಯಂತ್ರದ ಮಗ್ಗ. ಅದು ಮೋಸವಲ್ಲ, ಅದರ ಗುಣವೇ ಬೇರೆ. ಅಂತೂ ನೂಲಿಗೊಂದು, ಕೈಗೊಂದು, ಊರಿಗೊಂದು, ಮೂರು ಚೀಟಿಗಳು. ಬೇಲೂರಿನ ದಾಸೋಜನು ಕೆತ್ತಿದ ನಾಲ್ಕು ಮಾತುಗಳಲ್ಲಿ ಊರಿನ ಮಾತು ಇಲ್ಲಿ ಉಳಿಯಿತು. ಯಾರು, ಯಾರ ಮಗ ಅಥವಾ ಮಗಳು, ಎಂಥ ಕುಶಲಿ ಎಂಬ ಮೂರು ಮಾತುಗಳು ಉಳಿಯಲಿಲ್ಲ.

ಇದು ಬರಿಯ ಭಾವುಕತೆಯ ಮಾತಲ್ಲ, ಹಣದ ಮಾತು. ಭೌಗೋಳಿಕ ಸೂಚಕದ ಕಾಯಿದೆಯಲ್ಲಿ ನೋಂದಾಯಿತ ಒಡೆಯನೇ ಬೇರೆ, ಅಧಿಕೃತ ಬಳಕೆದಾರನೇ ಬೇರೆ. ಊರಿನ ಹೆಸರು ನೋಂದಣಿಯಾದ ಮಾತ್ರಕ್ಕೆ ಊರಿನ ಪ್ರತಿಯೊಬ್ಬ ನೇಕಾರನ ಹೆಸರೂ ಪುಸ್ತಕಕ್ಕೆ ಏರುವುದಿಲ್ಲ. ಅವನು ಬೇರೆಯಾಗಿ ಅರ್ಜಿ ಹಾಕಿ, ದಾಖಲೆ ಕೊಟ್ಟು, ಶುಲ್ಕ ಕಟ್ಟಿ ಅಧಿಕೃತ ಬಳಕೆದಾರನಾಗಬೇಕು. ನೋಂದಣಿಗೆ ಹತ್ತು ವರ್ಷದ ಅವಧಿ, ಆಮೇಲೆ ನವೀಕರಣ. ಕಚೇರಿಯಿರುವುದು ಚೆನ್ನೈಯಲ್ಲಿ. ಕೂಲಿಗೆ ನೆಯ್ಯುವ ನೇಕಾರ, ಯಜಮಾನನು ಕೊಟ್ಟ ನೂಲು, ಯಜಮಾನನು ಕೊಟ್ಟ ಸರಿಗೆ, ಯಜಮಾನನು ಕೊಂಡೊಯ್ಯುವ ಸೀರೆ, ಇವುಗಳ ನಡುವೆ ಕೈ ಮಾತ್ರ ತನ್ನದಾಗಿ ಉಳ್ಳವನು. ಸೀರೆಗೆ ಮುದ್ರೆ ಬಿದ್ದು ಅಂಗಡಿಯಲ್ಲಿ ಬೆಲೆ ಏರಿದರೆ ಆ ಏರಿಕೆ ಅವನ ಗುಂಡಿಯವರೆಗೆ ಇಳಿದುಬರುತ್ತದೆ ಎಂಬುದಕ್ಕೆ ಮುದ್ರೆಯಲ್ಲಿ ಯಾವ ಖಾತರಿಯೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ, ಮಾಡಿದವರಿಗೆ ಮಾಡಿದಷ್ಟು ಸಿಗಬೇಕೆಂಬ ಮಾತು ಈ ಸೀಮೆಯ ಎಲ್ಲರ ಬಾಯಲ್ಲೂ ಇದೆ. ಮುದ್ರೆಯನ್ನು ಆ ತಕ್ಕಡಿಯಲ್ಲಿಟ್ಟು ತೂಗಿದರೆ ತಟ್ಟೆ ಇನ್ನೂ ಮೇಲೆಯೇ ಇದೆ.

ಊರಿನ ಗೆರೆಯಲ್ಲೂ ಒಂದು ತೊಡಕಿದೆ. ಮೊಳಕಾಲ್ಮೂರಿನ ನೆರೆಯ ರಾಯದುರ್ಗವು ಹಳೆಯ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ೧೯೫೩ರ ಅಕ್ಟೋಬರ್ ೧ರಂದು ಆ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರುಗಳೊಡನೆ ಅದು ಆಂಧ್ರಕ್ಕೆ ಸೇರಿತು. ನೆಂಟಸ್ತನ, ಸಂತೆ, ಕೂಲಿ, ಎರಡು ಭಾಷೆಯ ಮಾತು, ಇವಾವುವೂ ಗೆರೆಯನ್ನು ಕೇಳಿ ನಡೆಯುವುದಿಲ್ಲ. ಮೊಳಕಾಲ್ಮೂರಿನಲ್ಲಿ ತಂದೆಯ ಮಗ್ಗದಲ್ಲಿ ಕಲಿತವಳು ಮದುವೆಯಾಗಿ ಗೆರೆಯಾಚೆಯ ಹಳ್ಳಿಗೆ ಹೋಗಿ ಅದೇ ಸೀರೆಯನ್ನು ನೆಯ್ದರೆ ಅದಕ್ಕೆ ಏನೆಂದು ಹೆಸರಿಡಬೇಕು? ಊರಿನ ಮುದ್ರೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಕುಶಲತೆ ಕೈಗೆ ಅಂಟಿಕೊಂಡು ಕೈ ಹೋದಲ್ಲೆಲ್ಲ ಹೋಗುತ್ತದೆ. ಲಾಟದಿಂದ ಮಂದಸೋರಿಗೆ ಹೋದ ರೇಷ್ಮೆ ನೇಕಾರರನ್ನು ಇಲ್ಲಿ ಮತ್ತೆ ನೆನೆಯಬಹುದು.

ಇನ್ನು ಮನುಷ್ಯನಿಗೇ ಕೊಡುವ ಪ್ರಮಾಣಪತ್ರ. ಸೇಲಂ, ವಾರಾಣಸಿ ಮೊದಲಾದ ಕಡೆಗಳ ಕೈಮಗ್ಗ ತಂತ್ರಜ್ಞಾನ ಸಂಸ್ಥೆಗಳು ಡಿಪ್ಲೊಮಾ ಕೊಡುತ್ತವೆ. ಬಣ್ಣದ ರಸಾಯನವನ್ನೂ ನೂಲಿನ ಲೆಕ್ಕವನ್ನೂ ಶಾಸ್ತ್ರವಾಗಿ ಕಲಿತವರು ಬೇಕೇ ಬೇಕು. ಆದರೆ ಡಿಪ್ಲೊಮಾ ಇದ್ದವನಿಗೆ ಮಗ್ಗವನ್ನು ತಪಾಸಣೆ ಮಾಡುವ ಉದ್ಯೋಗ, ನಲವತ್ತು ವರ್ಷ ನೆಯ್ದವನಿಗೆ ತಪಾಸಣೆಗೆ ಒಳಗಾಗುವ ಉದ್ಯೋಗ ಎಂದಾದರೆ ಅಂತೇವಾಸಿಯ ಸಂಪ್ರದಾಯ ತಲೆಕೆಳಗಾದಂತೆ. ಈ ಅಸಮಾಧಾನವನ್ನು ಅರಿತೋ ಏನೋ, ೨೦೧೫ರಲ್ಲಿ ಬಂದ ಪ್ರಧಾನಮಂತ್ರಿಗಳ ಕೌಶಲ ಯೋಜನೆ ಶಾಲೆಯ ಹೊರಗೆ ಕಲಿತದ್ದಕ್ಕೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ದಾರಿ ತೆರೆಯಿತು. ಹಿತ್ತಲ ಗಿಡವೂ ಮದ್ದೆಂದು ಸರ್ಕಾರ ಒಪ್ಪಿತು. ಒಳ್ಳೆಯದು. ಆದರೆ ಆ ಕಾಗದ ಹಿಡಿದವನಿಗೆ ಬ್ಯಾಂಕಿನಲ್ಲಿ ಸಾಲ, ಸೀರೆಗೆ ಹೆಚ್ಚಿನ ಕೂಲಿ ಸಿಕ್ಕದಿದ್ದರೆ ಅದು ಗೋಡೆಗೆ ಅಲಂಕಾರ ಮಾತ್ರ.

ಹಾಗಾದರೆ ಮುದ್ರೆ ಬೇಕೋ ಬೇಡವೋ? ಹೀಗೆ ಕೇಳುವುದೇ ತಪ್ಪು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ೧೯೬೨ರಲ್ಲಿ ಇದನ್ನು ಮೂರು ಮೆಟ್ಟಿಲಾಗಿ ಬಿಡಿಸಿದ. ಹೆಸರು ಬರೆಸುವ ನೋಂದಣಿ ಮೊದಲನೆಯದು. ಗುಣವನ್ನು ಸಾರಿ, ಪಡೆಯದವರನ್ನು ತಡೆಯದ ಪ್ರಮಾಣ ಎರಡನೆಯದು. ಪಡೆಯದವನು ಕಸುಬನ್ನೇ ಮಾಡಬಾರದೆನ್ನುವ ಲೈಸೆನ್ಸು ಮೂರನೆಯದು. ಅವನು ವೈದ್ಯರಿಗೂ ಲೈಸೆನ್ಸು ಬೇಡವೆನ್ನುವವರೆಗೆ ಹೋದ. ದೆಹಲಿಯ ಎಣ್ಣೆಯ ಕಥೆ ಬಲ್ಲ ನಾವು ಅಲ್ಲಿಯವರೆಗೆ ಹೋಗಲಾರೆವು. ಆದರೆ ಮೆಟ್ಟಿಲುಗಳ ವಿವೇಕವನ್ನು ಉಳಿಸಿಕೊಳ್ಳಬಹುದು. ತಪ್ಪಿದರೆ ಪ್ರಾಣ ಹೋಗುವ ಕಡೆ, ಎದುರಿಗಿರುವವನಿಗೆ ತಪ್ಪು ಕಾಣದ ಕಡೆ, ಲೈಸೆನ್ಸೇ ಇರಲಿ. ಎಣ್ಣೆಗೆ, ಔಷಧಿಗೆ, ರೈತನ ತಕ್ಕಡಿಗೆ. ತಪ್ಪಿದರೆ ಹಣ, ಮನಸ್ಸು ಕೆಡುವ ಕಡೆ ಪ್ರಮಾಣ ಸಾಕು. ಸೀರೆಗೆ ಚೀಟಿ ಇರಲಿ, ಚೀಟಿಯಿಲ್ಲದವನ ಮಗ್ಗವನ್ನು ನಿಲ್ಲಿಸುವುದು ಬೇಡ. ಕಂಬಳಿಯನ್ನು ಸಂತೆಗೆ ಬಿಟ್ಟುಬಿಡೋಣ.

ಅದರ ಮೇಲೆ ಇನ್ನೊಂದು ಮಾತು. ಮುದ್ರೆ ಮಾಡಿದವನನ್ನು ತೋರಿಸಬೇಕು, ಮರೆಮಾಡಬಾರದು. ಸೀರೆಯ ಚೀಟಿಯಲ್ಲಿ ಊರಿನ ಹೆಸರಿನ ಪಕ್ಕದಲ್ಲಿ ನೆಯ್ದವರ ಹೆಸರೂ, ಅವರಿಗೆ ಸಂದ ಕೂಲಿಯೂ ಇದ್ದರೆ ಆಗುವ ಖರ್ಚು ಒಂದು ಸಾಲಿನಷ್ಟು. ಹಾಗೆ ಮಾಡಿದ ದಿನ ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಸೀರೆ ಆರಿಸುವ ನಾವು ಕೂಡ ಬರಿಯ ಬಣ್ಣ ನೋಡಿ ಏಳಲಾರೆವು. ಎರಡು ಹೆಸರುಗಳನ್ನು ಓದಿ, ಒಂದು ಅಂಕಿಯನ್ನು ನೋಡಿ, ಆಮೇಲೆ ಚೌಕಾಸಿಗೆ ಬಾಯಿ ತೆರೆಯಬೇಕಾಗುತ್ತದೆ.

ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ಅಕ್ಷರಗುಂಡು ಎಂದು ಕರೆಯುತ್ತ ಬಂದರು. ಅಕ್ಷರ ಓದಲು ಬಾರದ ಕಾಲದಲ್ಲೂ ಅದು ಅಕ್ಷರವೆಂದು ಅವರಿಗೆ ಗೊತ್ತಿತ್ತು. ಆ ಅಪ್ಪಣೆಯನ್ನು ಕಳುಹಿಸಿದ ಅಧಿಕಾರಿಗಳು ಯಾರು ಯಾರೋ, ಅವರ ಹೆಸರು ನಮಗೆ ತಿಳಿಯದು. ಬರೆದವನು ಚಪಡನೆಂದು ಮಾತ್ರ ಗೊತ್ತು; ಅವನೇ ಬರೆದಿಟ್ಟಿದ್ದಾನೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗುಂಡಿಮಗ್ಗದಲ್ಲಿ ಕುಳಿತು ನೆಯ್ಯುವವರಿಗೂ ಅಷ್ಟು ಜಾಗ ಸೀರೆಯ ಅಂಚಿನಲ್ಲಿ ಸಿಕ್ಕಲಿ.